ನೀರು ತರುವಷ್ಟರಲ್ಲಿ

ಜನವರಿ 9

ಮೇಷ್ಟ್ರಿಗೆ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಬರೆಯುತ್ತಿದ್ದೇನೆ. ಮೇಷ್ಟ್ರು ಅಂತ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ವಿಮಾ ಆಫೀಸಿನಲ್ಲಿ ಏಜೆಂಟರನ್ನು ತಯಾರು ಮಾಡುತ್ತಿದ್ದ ನಿಮ್ಮನ್ನು ಇವರು ಕರೆಯುತ್ತಿದ್ದದ್ದೇ ಹಾಗೆ. ನನ್ನ ಬಾಯಿಗೂ ಬೇರೆ ಹೆಸರು ಬರುವುದಿಲ್ಲ.

ನಾನು ಪರೀಕ್ಷೆಯಲ್ಲಿ ಪಾಸಾದೆ. ಐವತ್ತಕ್ಕೆ ಮೂವತ್ತೊಂದು. ಇವರು ಹೋಗಿ ಆರು ತಿಂಗಳಾದ ಮೇಲೆ, ಹೋದ ಸೋಮವಾರ, ಇವರ ಏಜೆನ್ಸಿ ನನ್ನ ಹೆಸರಿಗೆ ಬಂತು. ಇವರ ಹೆಸರಿದ್ದ ರಬ್ಬರ್ ಮೊಹರನ್ನು ಆಫೀಸಿನವರು ನನ್ನ ಎದುರಿಗೇ ಬ್ಲೇಡಿನಿಂದ ಎರಡು ಹೋಳು ಮಾಡಿ ಬುಟ್ಟಿಗೆ ಹಾಕಿದರು. ನಿಯಮ ಹಾಗಂತೆ. ಬುಟ್ಟಿಯಿಂದ ಎತ್ತಿಕೊಳ್ಳಲೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮೇಷ್ಟ್ರೇ, ನನಗೆ ಭಯವಾಗುತ್ತದೆ. ಯಾರದೋ ಮನೆಯ ಬೆಲ್ ಒತ್ತಲು ಬೆರಳು ಮುಂದೆ ಹೋಗುವುದಿಲ್ಲ. ಮೆಟ್ಟಿಲು ಕಂಡರೆ ಕೆಳಗೇ ನಿಂತುಬಿಡುತ್ತೇನೆ. ಇವರು ಬಿದ್ದದ್ದು ಯಾರದೋ ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲಿನ ಮೇಲೆ, ಕೈಚೀಲ ತೋಳಿನಲ್ಲಿರುವಾಗಲೇ. ಆ ಚೀಲವನ್ನೇ ನಾನು ಈಗ ಹಾಕಿಕೊಂಡು ಹೋಗುತ್ತಿದ್ದೇನೆ.

ಒಂದು ವಿಷಯಕ್ಕೆ ನಿಮ್ಮ ಬುದ್ಧಿಮಾತು ಬೇಕು. ಇವರ ಹತ್ತಿರ ಪಾಲಿಸಿ ಮಾಡಿಸಿದ್ದ ಬಸ್ ಡ್ರೈವರೊಬ್ಬರು ಎರಡು ವಾರದ ಹಿಂದೆ ತೀರಿಕೊಂಡರು. ಪಾಲಿಸಿಗೆ ಹದಿನಾಲ್ಕೇ ತಿಂಗಳು. ಆಸ್ಪತ್ರೆಯಲ್ಲಿ ರಕ್ತದಲ್ಲಿ ಸಕ್ಕರೆ ಏರಿತ್ತು ಅಂದರಂತೆ. ಅವರ ಹೆಂಡತಿ ದಿನಾ ಬಂದು ನನ್ನ ಮುಂದೆ ಕೂರುತ್ತಾರೆ. "ಒಂದೇ ಸಲಕ್ಕೆ ಏರಿಬಿಡ್ತಂತೆ ಅಕ್ಕ. ಮೊದಲು ಏನೂ ಇರ್ಲಿಲ್ಲ" ಅನ್ನುತ್ತಾರೆ. ಮೂರು ವರ್ಷದೊಳಗೆ ಸಾವಾದರೆ ಕಂಪನಿ ತನಿಖೆ ಮಾಡುತ್ತದಂತೆ. ತನಿಖೆಯವರು ಬಂದಾಗ ನಾನು ಏನು ಹೇಳಬೇಕು? ಇವರ ಕಪಾಟು ಇನ್ನೂ ತೆಗೆದಿಲ್ಲ. ಬೀಗದ ಕೈ ಸಿಕ್ಕಿದೆ.

ಇಂತಿ ನಿಮ್ಮ ಶಿಷ್ಯನ ಮನೆಯಾಕೆ

—

ಜನವರಿ 17

ಅಮ್ಮಯ್ಯಾ, ಆಶೀರ್ವಾದ.

ಮೂವತ್ತೊಂದು ಏನು ಕಡಿಮೆಯೇ? ನಿನ್ನ ಗಂಡ ತೆಗೆದದ್ದು ಇಪ್ಪತ್ತಾರು. ನಾನು ಎರಡನೇ ಸಲಕ್ಕೆ ದಡ ಸೇರಿದವನು. ಇದನ್ನು ನನ್ನ ಮಗಳ ಮುಂದೆ ಹೇಳಬೇಡ. ಈ ಮನೆಯಲ್ಲಿ ನನಗೆ ಉಳಿದಿರುವುದು ಮರ್ಯಾದೆ ಮತ್ತು ಒಂದು ಈಜಿಚೇರು, ಅಷ್ಟೇ.

ಭಯ ಇರಲಿ. ಭಯವಿಲ್ಲದ ಏಜೆಂಟು ಬ್ರೇಕಿಲ್ಲದ ಗಾಡಿ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲು, ಬಾಗಿಲು ತೆಗೆದವರಿಗೆ ನಿನ್ನ ಕಾಲು ಕಾಣಬೇಕು. ಕೊಟ್ಟ ಕುರ್ಚಿಯ ತುದಿಯಲ್ಲಿ ಕೂರಬೇಡ, ಸಾಲ ಕೇಳಲು ಬಂದವಳು ಅಂದುಕೊಳ್ಳುತ್ತಾರೆ. ಆಮೇಲೆ ಮುಖ್ಯವಾದದ್ದು. ಆರೋಗ್ಯದ ಪ್ರಶ್ನೆಗಳು ಬಂದಾಗ ಮನೆಯಾಕೆಯನ್ನು ಒಂದು ಲೋಟ ನೀರಿಗೆ ಒಳಗೆ ಕಳಿಸು. ಗಂಡಸು ಡಾಕ್ಟರಿಗೆ ಅರ್ಧ ನಿಜ ಹೇಳುತ್ತಾನೆ, ಹೆಂಡತಿಗೆ ಅದನ್ನೂ ಹೇಳುವುದಿಲ್ಲ. ಅವಳು ನೀರು ತರುವಷ್ಟರಲ್ಲಿ ಪೂರ್ತಿ ನಿನಗೆ ಹೇಳುತ್ತಾನೆ. ಕೇಳಿದ್ದನ್ನು ನಿನ್ನ ಪುಸ್ತಕದಲ್ಲಿ ಬರೆದುಕೋ. ಫಾರಂನಲ್ಲಿ ಎಷ್ಟು ಬೇಕೋ ಅಷ್ಟು ಬರೆ. ನಲವತ್ತು ವರ್ಷದ ಅನುಭವ ಇದು, ನಿನ್ನ ಗಂಡನಿಗೂ ಕಲಿಸಿದ್ದೆ.

ತನಿಖೆಯವರು ಬಂದರೆ "ನಾನು ಹೊಸಬಳು, ನನಗೇನೂ ಗೊತ್ತಿಲ್ಲ" ಅನ್ನು. ಸುಳ್ಳೇನಲ್ಲವಲ್ಲ.

ಕಪಾಟಿನಲ್ಲಿ ಕಂದು ರಟ್ಟಿನ ಸಣ್ಣ ಪುಸ್ತಕ ಸಿಕ್ಕರೆ ತೆರೆಯಬೇಡ. ನನಗೆ ಕಳಿಸು. ಹಳೆಯ ಲೆಕ್ಕ, ನಿನಗೆ ಅರ್ಥವಾಗದು.

ಮಗುವಿಗೆ ಆಶೀರ್ವಾದ.

ಮೇಷ್ಟ್ರು

—

ಜನವರಿ 26

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬರುವ ಮೊದಲೇ ಕಪಾಟು ತೆಗೆದಿದ್ದೆ. ಪುಸ್ತಕ ಓದಿದೆ. ಅದರಲ್ಲಿ ಲೆಕ್ಕವಿಲ್ಲ.

ಇವರ ಅಕ್ಷರ ನಿಮಗೆ ಗೊತ್ತಲ್ಲ. "ಇರುವೆ ಸಾಲು, ಓದೋಕೂ ಇರುವೇನೇ ಬರಬೇಕು" ಅಂತ ಅತ್ತೆ ಅನ್ನುತ್ತಿದ್ದರು. ನಾನು ಹನ್ನೆರಡು ವರ್ಷ ಇವರ ಸಾಮಾನಿನ ಚೀಟಿ ಓದಿದವಳು, ನನಗೆ ಬಂತು. ಹಾಳೆಗೊಂದು ಮನೆ. ಕಾಯಿಲೆ ಹೇಳಿಕೊಂಡವರ ಹಾಳೆಯ ಮೂಲೆಯಲ್ಲಿ ಒಂದು ಚುಕ್ಕಿ. ಡ್ರೈವರರ ಹಾಳೆಯನ್ನು ಹಾಗೇ ಇಳಿಸುತ್ತೇನೆ:

"ನೀರು ತರುವಷ್ಟರಲ್ಲಿ ಹೇಳಿದ್ದು: ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಡಿಪೋದಲ್ಲೇ ಸೂಜಿ ಚುಚ್ಚಿಕೊಳ್ಳುತ್ತಾನೆ. ಗೊತ್ತಾದರೆ ಬಸ್ಸಿನಿಂದ ಇಳಿಸುತ್ತಾರೆ. ಹೆಂಡತಿಗೆ ಹೇಳಿಲ್ಲ. ಫಾರಂನಲ್ಲಿ ಬರೆಯಿರಿ ಸ್ವಾಮಿ, ಆಮೇಲೆ ತೊಂದರೆ ಬೇಡ ಅಂದ. ಸಮಾಧಾನ ಹೇಳಿ 'ಇಲ್ಲ' ಎಂದು ಬರೆದೆ. ಕಂತು ತಪ್ಪಬಾರದು, ನಾನೇ ಹೋಗಿ ತರಬೇಕು."

ನಿನ್ನೆ ತನಿಖೆಯವರು ಬಂದಿದ್ದರು. ಬಡಕಲು ಮನುಷ್ಯ, ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು. ದನಿ ಏರಿಸಲೇ ಇಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ನಿಮ್ಮ ಯಜಮಾನ್ರು ಡೈರಿ, ಪುಸ್ತಕ ಅಂತ ಏನಾದ್ರೂ ಇಟ್ಟಿದ್ರಾ ಅಮ್ಮ?" ಅಂದರು. "ನಾನು ಹೊಸಬಳು" ಅಂದೆ. "ಅದು ಗೊತ್ತು. ಪುಸ್ತಕ ಇತ್ತಾ ಅಂತ ಕೇಳಿದ್ದು" ಅಂದರು. ಹುಡುಕುತ್ತೇನೆ ಅಂದೆ. ಫೆಬ್ರವರಿ ಇಪ್ಪತ್ತಕ್ಕೆ ಮತ್ತೆ ಬರುತ್ತಾರೆ. ನಿನ್ನೆ ಅವರು ಕೂತಿದ್ದಷ್ಟು ಹೊತ್ತೂ ಪುಸ್ತಕ ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ, ಮಗಳ ಶಾಲೆಯ ಚೀಲದ ಕೆಳಗಿತ್ತು. ಅವಳು ಎಲ್ಲಿ ಚೀಲ ಎತ್ತುತ್ತಾಳೋ ಎಂದು ನನ್ನ ಬೆನ್ನೆಲ್ಲ ಒದ್ದೆಯಾಗಿತ್ತು.

ಇದನ್ನು ಕೊಟ್ಟರೆ ಡ್ರೈವರರ ಹೆಂಡತಿಗೆ ಬರಬೇಕಾದ ಹಣ ಬರುವುದಿಲ್ಲ ಅಲ್ಲವೇ? ಕಾಯಿಲೆ ಇತ್ತೆಂದು ಇವರೇ ಬರೆದಿದ್ದಾರೆ. ಕೊಡದಿದ್ದರೆ ನಾನು ಮೊದಲನೇ ತಿಂಗಳಲ್ಲೇ ಕಳ್ಳಿ.

ಇನ್ನೊಂದು ಮಾತು. ಹೇಗೆ ಕೇಳಬೇಕೋ ತಿಳಿಯದು. ಮದುವೆಯಾದ ಹೊಸತು, ನೀವು ನಮ್ಮ ಎರಡು ಕೋಣೆಯ ಮನೆಗೆ ಬಂದಿದ್ದಿರಿ. ಇವರ ಪಾಲಿಸಿ ಬರೆಸಲು. ಇವರು ಆಗಿನ್ನೂ ಏಜೆಂಟಾಗಿರಲಿಲ್ಲ, ನಿಮ್ಮ ಗಿರಾಕಿ. "ಅಮ್ಮಾ, ಗಂಟಲು ಒಣಗಿದೆ, ಒಂದು ಲೋಟ ನೀರು" ಅಂದಿರಿ. ನಾನು ಓಡಿದೆ. ವಾಪಸು ಬಂದಾಗ ಇಬ್ಬರೂ ಸುಮ್ಮನಿದ್ದಿರಿ. ಇವರು ಕಿಟಕಿ ನೋಡುತ್ತಿದ್ದರು. ಗಂಟಲು ಒಣಗಿದೆ ಅಂದವರು ನೀವು ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟಿರಿ.

ಆ ಹೊತ್ತಿನಲ್ಲಿ ಇವರು ನಿಮಗೆ ಏನು ಹೇಳಿದರು?

—

ಫೆಬ್ರವರಿ 2

ಮಾನ್ಯರೇ,

ತಮ್ಮ ಪತ್ರ ತಲುಪಿತು. ತಾವು ತಿಳಿಸಿರುವ ಪುಸ್ತಕ ಖಾಸಗಿ ಟಿಪ್ಪಣಿ ಮಾತ್ರ. ಅದಕ್ಕೆ ಯಾವ ಬೆಲೆಯೂ ಇಲ್ಲ. ಇಂತಹ ಕಾಗದಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ತಮಗೂ ಮಗುವಿಗೂ ಒಳ್ಳೆಯದಲ್ಲ. ಸುಟ್ಟುಹಾಕುವುದು ಕ್ಷೇಮ. ಈ ಪತ್ರವನ್ನೂ.

ಬೇರೆ ವಿಚಾರಗಳು ಹಳೆಯವು. ಮರೆತಿದ್ದೇನೆ.

—

ಫೆಬ್ರವರಿ 6

ಮೇಷ್ಟ್ರೇ,

ನೀವು ನನ್ನನ್ನು 'ತಾವು' ಅಂದಿರಿ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅನ್ನದವರು. ಕೆಳಗೆ ಹೆಸರನ್ನೂ ಹಾಕಿಲ್ಲ. ತನಿಖೆಯವರಿಗೆ ಹೆದರಿದ್ದಕ್ಕಿಂತ ಆ ಒಂದು ಮಾತಿಗೆ ಹೆಚ್ಚು ಹೆದರಿದೆ.

ಆದರೂ ನೀವು ಹೇಳಿದಂತೆ ಮಾಡಲು ಹೋದೆ. ಮಧ್ಯಾಹ್ನ ಮಗಳು ಶಾಲೆಯಲ್ಲಿದ್ದಳು. ಗ್ಯಾಸ್ ಹಚ್ಚಿ ಪುಸ್ತಕದ ಮೂಲೆಯನ್ನು ಉರಿಗೆ ಹಿಡಿದೆ. ಅತ್ತೆ ಎದ್ದು ಬಂದರು.

"ಏನೇ ಅದು ವಾಸನೆ? ಹಾಲು ಉಕ್ಕಿಸಿದ್ಯಾ?"

"ಇಲ್ಲ ಅತ್ತೆ, ಹಳೇ ಕಾಗದ."

"ಹಳೇ ಕಾಗದಾನ ಒಲೆ ಮೇಲಿಟ್ಟು ಬೇಯಿಸ್ತಾರೇನೇ? ಉಪ್ಪು ಹಾಕಿದ್ಯಾ? ಕೊಡಿಲ್ಲಿ."

ಕಸಿದುಕೊಂಡು ಸೆರಗಿನಿಂದ ಒತ್ತಿ ಆರಿಸಿದರು. ಆಮೇಲೆ ತೆರೆದು ನೋಡಿದರು. ಅವರಿಗೆ ಕನ್ನಡಕವಿಲ್ಲದೆ ಓದಲು ಬರುವುದಿಲ್ಲ. ಬೆರಳಿನಿಂದ ಸಾಲುಗಳನ್ನು ಸವರಿ, "ನನ್ನ ಮಗನ ಇರುವೆಗಳು. ಇವನ್ನ ಸುಡ್ತೀಯಾ?" ಅಂದರು. ಪುಸ್ತಕವನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಒಂದು ಮೂಲೆ ಮಾತ್ರ ಕಂದಿದೆ.

ಸುಡು ಅಂದದ್ದು ನನ್ನ ಕ್ಷೇಮಕ್ಕೋ, ನಿಮ್ಮದಕ್ಕೋ? ಪುಸ್ತಕದ ಮೊದಲ ಹಾಳೆಯಲ್ಲಿ "ಮೇಷ್ಟ್ರು ಹೇಳಿಕೊಟ್ಟ ಪದ್ಧತಿ" ಎಂದು ಬರೆದಿದ್ದಾರೆ. ಅದು ಗೊತ್ತಿದ್ದೇ ಕಳಿಸು ಅಂದಿರೇನೋ.

ಹಳೆಯದು, ಮರೆತಿದ್ದೇನೆ ಅಂದಿರಿ. ನಾನು ಮರೆತಿಲ್ಲ. ಸಿಲಿಂಡರ್ ಎತ್ತಲು ಇವರು ಯಾವಾಗಲೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ನಾನು "ಸೋಮಾರಿಗಳ ದೊರೆ" ಅನ್ನುತ್ತಿದ್ದೆ. ನಕ್ಕು ಸುಮ್ಮನಾಗುತ್ತಿದ್ದರು. ಮಗಳನ್ನು ಎತ್ತಿಕೊಂಡು ಒಂದು ಸಲವೂ ಮೆಟ್ಟಿಲು ಹತ್ತಲಿಲ್ಲ. ನಾಲ್ಕನೇ ಮಹಡಿಯಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಬರುವುದಿಲ್ಲ ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ. ಆ ಎರಡು ದಿನಗಳನ್ನು ಈಗ ಯಾರಿಗೆ ವಾಪಸು ಕೊಡಲಿ?

ನಾನು ನೀರು ತರಲು ಹೋದಾಗ ಇವರು ಏನು ಹೇಳಿದರು?

—

ಫೆಬ್ರವರಿ 13

ಮೇಷ್ಟ್ರೇ,

ಒಂದು ವಾರವಾಯಿತು. ಪೋಸ್ಟಿನವರು ಬಂದಾಗಲೆಲ್ಲ ಬಾಗಿಲಿಗೆ ಹೋಗುತ್ತಿದ್ದೇನೆ. ಕಾಯುತ್ತಿರುವುದು ನಿಮ್ಮ ಪತ್ರವೋ, ಕಂಪನಿಯದೋ ನನಗೇ ತಿಳಿಯದು. ಡ್ರೈವರರ ಹೆಂಡತಿ ಇವತ್ತೂ ಬಂದಿದ್ದರು. "ಯಾಕಕ್ಕ ಇಷ್ಟು ಸೊರಗಿದ್ದೀರಾ, ಊಟ ಮಾಡಿಲ್ವಾ?" ಅಂದು ಅವರೇ ನನಗೆ ಅನ್ನ ಬಡಿಸಿದರು.

ಇನ್ನು ಏಳು ದಿನ.

—

ಫೆಬ್ರವರಿ 15

ಅಮ್ಮಯ್ಯಾ,

ಎರಡು ಪತ್ರ ಬರೆದು ಹರಿದೆ. ಇದು ಮೂರನೆಯದು. ನನ್ನ ಮಗಳು "ಅಪ್ಪಾ, ಯಾರಿಗೆ ಬರೀತಿದ್ದೀರಿ, ಮುಖ ಯಾಕೆ ಹಾಗಿದೆ" ಅಂದಳು. ವಿಮೆ ಕೆಲಸ ಅಂದೆ.

ನನಗೆ ಹೆದರಿಕೆಯಾಯಿತು. ಅದಕ್ಕೇ ಆ ಪತ್ರ. ಎಪ್ಪತ್ತನಾಲ್ಕು ವರ್ಷಕ್ಕೆ, ಅಳಿಯನ ಮನೆಯ ಬಾಗಿಲಿಗೆ ಯಾರೋ ನನ್ನ ಹೆಸರು ಹಿಡಿದು ಬಂದಂತೆ ದಿನಾ ಅನಿಸುತ್ತಿದೆ. ಈಗಲೂ ಹೆದರಿಕೆ ಇದೆ. ಆದರೆ ನಿನ್ನ ಸಿಲಿಂಡರಿನ ಮಾತು ಓದಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಒಂದು ನಿಯಮವಿದೆ. ಅದನ್ನು ನಿನಗೆ ಬೇಕೆಂದೇ ಹೇಳಲಿಲ್ಲ. ಗಿರಾಕಿ ಏಜೆಂಟಿಗೆ ನಿಜ ಹೇಳಿ, ಏಜೆಂಟು ಫಾರಂನಲ್ಲಿ ತಪ್ಪಾಗಿ ಬರೆದರೆ, ಗಿರಾಕಿ ಮುಚ್ಚಿಟ್ಟ ಅನ್ನಲಾಗುವುದಿಲ್ಲ. ಕಂಪನಿಯ ಮನುಷ್ಯನಿಗೇ ಹೇಳಿದ್ದಾನಲ್ಲ. ಹಾಗೆ ತೀರ್ಮಾನವಾಗಿ ಹಣ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಆದರೆ ಹೇಳಿದ್ದಕ್ಕೆ ಸಾಕ್ಷಿ ಬೇಕು. ಸಾಮಾನ್ಯವಾಗಿ ಇರುವುದಿಲ್ಲ. ಈ ಡ್ರೈವರಿಗೆ ಇದೆ. "ಫಾರಂನಲ್ಲಿ ಬರೆಯಿರಿ" ಎಂದು ಅವನು ಬೇಡಿಕೊಂಡದ್ದನ್ನೂ ನಿನ್ನ ಗಂಡ ಬರೆದಿಟ್ಟಿದ್ದಾನೆ. ಆ ಪುಸ್ತಕ ಅವಳ ಬಾಗಿಲು ಮುಚ್ಚುವುದಿಲ್ಲ ಅಮ್ಮಾ. ತೆರೆದರೆ ಅದೇ ತೆರೆಯಬೇಕು. ಮುಚ್ಚುವುದು ನಮ್ಮದು: ನಿನ್ನ ಗಂಡನ ಹೆಸರು, ನನ್ನದು, ಬಹುಶಃ ನಿನ್ನ ಏಜೆನ್ಸಿಯೂ. ಅದಕ್ಕೇ ಸುಡು ಅಂದದ್ದು.

ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ, ಅಷ್ಟು ದಾಟಿಸಿದರೆ ಒಂದು ಮನೆ ಉಳಿಯುತ್ತದೆ ಎಂದು ನಾನು ನಂಬಿದ್ದೆ. 'ಹೌದು' ಎಂದು ಬರೆದರೆ ಕಂಪನಿ ಪಾಲಿಸಿ ಕೊಡದು. 'ಇಲ್ಲ' ಎಂದು ಬರೆದು, ಪುಸ್ತಕದಲ್ಲಿ ಚುಕ್ಕಿ ಇಟ್ಟು, ಆ ಮನೆಯನ್ನು ಕಾಯಬೇಕು. ಎಷ್ಟೋ ಮನೆ ಉಳಿದವು. ಉಳಿಯದವರು ನನ್ನ ಬಾಗಿಲಿಗೆ ಬರಲಿಲ್ಲ, ಬಂದಿದ್ದರೆ ಲೆಕ್ಕಕ್ಕೆ ಸಿಗುತ್ತಿದ್ದರು.

ನನ್ನ ಹತ್ತಿರವೂ ಪುಸ್ತಕಗಳಿವೆ. ನನ್ನ ನಂತರ ಅವು ನಿನ್ನ ಗಂಡನಿಗೆ ಎಂದಿದ್ದೆ. ನೀನು ಕೇಳಿದ ಹಾಳೆಯನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ. ಓದಲು ಕೂತುಕೋ, ನಿಂತು ಓದಬೇಡ.

"ಹೊಸ ದಂಪತಿ. ಹುಡುಗನಿಗೆ ಎರಡು ವರ್ಷದಿಂದ ಎದೆಯ ಕವಾಟದ ತೊಂದರೆ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ತಾಯಿಗೂ ಗೊತ್ತಿಲ್ಲ, ಹೆಂಡತಿಗೂ ಹೇಳಿಲ್ಲ. ಡಾಕ್ಟರು ಏನು ಮಾಡಬೇಕೆಂದರು ಎಂದು ಕೇಳಿದೆ. ಹೇಳಲು ಬಾಯಿ ತೆರೆದ. ಹುಡುಗಿ ಚುರುಕು, ನೀರು ಬೇಗ ತಂದಳು."

ಆಮೇಲೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕಣ್ಣಳತೆಯಲ್ಲಿ ಇರಲಿ ಎಂದು ಅವನನ್ನು ಏಜೆಂಟು ಮಾಡಿಕೊಂಡೆ. ನೆಲಮಹಡಿಯ ಮನೆಗಳನ್ನೇ ಕೊಡುತ್ತಿದ್ದೆ. ನಾನು ನಿವೃತ್ತನಾಗಿ ಇಲ್ಲಿಗೆ ಬಂದ ಮೇಲೆ ಅವನಿಗೆ ಯಾರು ಯಾವ ಮಹಡಿ ಕೊಟ್ಟರೋ ನಾನು ವಿಚಾರಿಸಲಿಲ್ಲ.

ನಾನು ಕಲಿಸಿದ ಪದ್ಧತಿ ಎಂದು ಕಂಪನಿಗೆ ಬರೆದು ಸಹಿ ಹಾಕಿದ ಕಾಗದವೂ ಇದರಲ್ಲಿದೆ. ಬೇಕಾದರೆ ಕೊಡು, ಬೇಡವಾದರೆ ಬೇಡ. ನಿನ್ನ ಗಂಡನ ಪಾಲಿಸಿಯಿಂದ ನೀನು ಪಡೆದ ಹಣವನ್ನು ಯಾರೂ ವಾಪಸು ಕೇಳುವುದಿಲ್ಲ, ಆ ಪಾಲಿಸಿಗೆ ಮೂರು ವರ್ಷ ದಾಟಿ ಬಹಳ ಕಾಲವಾಗಿತ್ತು.

ಮೇಷ್ಟ್ರು ಎಂದು ಸಹಿ ಹಾಕಲು ನಾಚಿಕೆಯಾಗುತ್ತದೆ. ಬೇರೆ ಹೆಸರು ನಿನ್ನ ಬಾಯಿಗೆ ಬರುವುದಿಲ್ಲ ಅಂದಿದ್ದೆ, ಅದಕ್ಕೆ

ಮೇಷ್ಟ್ರು

—

ಫೆಬ್ರವರಿ 22

ಮೇಷ್ಟ್ರಿಗೆ ನಮಸ್ಕಾರಗಳು.

ಕೂತೇ ಓದಿದೆ.

ನಾನು ಬೇಗ ತಂದೆ. ನಿಮ್ಮ ಹಾಳೆಯಲ್ಲಿ ಅದನ್ನು ಹೊಗಳಿಕೆಯಂತೆ ಬರೆದಿದ್ದೀರಿ. ಆವತ್ತು ಲೋಟ ಹುಡುಕಲು ಇನ್ನೊಂದು ನಿಮಿಷ ತೆಗೆದುಕೊಂಡಿದ್ದರೆ ಎಂದು ಎರಡು ದಿನ ಅದೇ ಯೋಚನೆಯಲ್ಲಿದ್ದೆ. ಆಮೇಲೆ ಅನಿಸಿತು, ನಾನು ಏಳದೇ ಇದ್ದಿದ್ದರೆ? ಇವರ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಬಂದರೆ ಎಲ್ಲಿ ಇಡುವುದೆಂದು ತಿಳಿಯದೆ ಇವರ ಬಟ್ಟೆಗಳನ್ನೆಲ್ಲ ತೆಗೆದು ಒಗೆದೆ. ಅತ್ತೆಗೆ ಇನ್ನೂ ಹೇಳಿಲ್ಲ.

ಇಪ್ಪತ್ತನೇ ತಾರೀಖು ಹನ್ನೊಂದು ಗಂಟೆಗೆ ತನಿಖೆಯವರು ಬಂದರು. ಡ್ರೈವರರ ಹೆಂಡತಿಯನ್ನೂ ಬರಹೇಳಿದ್ದರು. ಅತ್ತೆಯ ದಿಂಬಿನ ಕೆಳಗಿನಿಂದ ತೆಗೆದ ಪುಸ್ತಕ ನನ್ನ ಮಡಿಲಲ್ಲಿತ್ತು.

"ಪುಸ್ತಕ ಸಿಕ್ತಾ ಅಮ್ಮ?"

"ಸಿಕ್ತು. ಮೊದಲು ಈ ಅಮ್ಮ ಕೇಳಿಸಿಕೊಳ್ಳಲಿ. ಅವರ ಯಜಮಾನ್ರ ಮಾತು ಇದು" ಅಂದೆ.

ಓದಿದೆ. ಓದಿ ಮುಗಿಸಿದ ಮೇಲೆ ಆಕೆ ಅಳಲಿಲ್ಲ. ನನ್ನನ್ನು ನೋಡುತ್ತಾ, "ದಿನಾ ಬೆಳಿಗ್ಗೆ ಟೀಗೆ ಎರಡು ಚಮಚ ಸಕ್ಕರೆ ನಾನೇ ಹಾಕ್ತಿದ್ದೆ ಅಕ್ಕ. ಕಮ್ಮಿ ಆದ್ರೆ ಬೇಜಾರು ಮಾಡ್ಕೋತಾರೆ ಅಂತ ಕೆಲವು ಸಲ ಮೂರು" ಅಂದರು. "ಕುಡೀತಿದ್ರು. ಒಂದು ಮಾತಾಡದೆ ಕುಡೀತಿದ್ರು." ಆಮೇಲೆ, "ನಿಮಗೆ ಯಾವತ್ತಿಂದ ಗೊತ್ತಿತ್ತು?" ಅಂದರು. "ಒಂದು ತಿಂಗಳಿಂದ" ಅಂದೆ. ಮುಖ ತಿರುಗಿಸಿಕೊಂಡರು. ಅವರು ಬಡಿಸಿದ ಅನ್ನ ನೆನಪಾಯಿತು.

ತನಿಖೆಯವರು ಕನ್ನಡಕ ತೆಗೆದು, "ಇದನ್ನ ಕೊಟ್ರೆ ನಿಮ್ಮ ಯಜಮಾನ್ರ ಹೆಸರು ಏನಾಗುತ್ತೆ ಗೊತ್ತಾ?" ಅಂದರು.

"ಗೊತ್ತು."

"ನಿಮ್ಮ ಏಜೆನ್ಸಿ?"

"ಅದೂ ಗೊತ್ತು. ಮಗಳ ಫೀಸು ಯಾವತ್ತು ಕಟ್ಟಬೇಕು ಅನ್ನೋದೂ ಗೊತ್ತು."

ಅವರು ಉಗುಳು ನುಂಗಿ, "ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ?" ಅಂದರು.

ಮೇಷ್ಟ್ರೇ, ನಾನೂ ಏಳಲಿಲ್ಲ, ಆಕೆಯೂ ಏಳಲಿಲ್ಲ. ಇಬ್ಬರೂ ಕುರ್ಚಿ ಹಿಡಿದು ಕೂತೆವು. ಪಾಪ, ಆ ಮನುಷ್ಯನಿಗೆ ನಿಜವಾಗಿ ಬಾಯಾರಿತ್ತು. ಕೊನೆಗೆ ಅತ್ತೆ "ಇವಕ್ಕೇನು ಬಂತು, ಗೊಂಬೆಗಳ ಹಾಗೆ ಕೂತಿವೆ" ಎಂದು ಗೊಣಗುತ್ತಾ ತಂದುಕೊಟ್ಟರು.

ಪುಸ್ತಕಕ್ಕೆ ರಸೀದಿ ಕೊಟ್ಟಿದ್ದಾರೆ. ನಿಮ್ಮ ಕಾಗದವನ್ನೂ ಕೊಟ್ಟೆ. ಕೊಡಬಾರದು ಅನ್ನಿಸಿತು, ಆದರೂ ಕೊಟ್ಟೆ. ತೀರ್ಮಾನ ಮೇಲಿನ ಆಫೀಸಿನಿಂದ ಬರಬೇಕಂತೆ. ಪುಸ್ತಕದಲ್ಲಿ ಚುಕ್ಕಿ ಇರುವ, ಮೂರು ವರ್ಷ ದಾಟದ ಮನೆಗಳು ಇನ್ನೂ ಏಳಿವೆ. ಆ ಮನೆಯವರು ಒಂದು ತಿಂಗಳೊಳಗೆ ತಾವಾಗಿ ನಿಜ ಬರೆದುಕೊಟ್ಟರೆ ಪಾಲಿಸಿ ಉಳಿಯಬಹುದು, ಕಂತು ಹೆಚ್ಚಾಗಬಹುದು ಅಂದರು. ಉಳಿಯಬಹುದು ಅಂದರು, ಉಳಿಯುತ್ತದೆ ಅನ್ನಲಿಲ್ಲ. ತೀರ್ಮಾನ ಬರುವ ತನಕ ಏಜೆನ್ಸಿ ನನ್ನದೇ. ಏಳೂ ಮನೆಗೆ ನಾನೇ ಹೋಗಬೇಕು.

—

ಮಾರ್ಚ್ 3

ಮೇಷ್ಟ್ರಿಗೆ ನಮಸ್ಕಾರಗಳು.

ಕಂಪನಿಯಿಂದ ಇನ್ನೂ ಏನೂ ಬಂದಿಲ್ಲ. ನಿಮ್ಮ ಬಾಗಿಲಿಗೆ ಯಾರಾದರೂ ಬಂದರೇ? ಬರೆಯಿರಿ. ಬರೆಯದಿದ್ದರೆ ನನಗೆ ಕೆಟ್ಟದ್ದೇ ತೋಚುತ್ತದೆ.

ಇವತ್ತು ಮೊದಲನೇ ಮನೆಗೆ ಹೋದೆ. ಎರಡನೇ ಮಹಡಿ. ಪ್ರತಿ ಮೆಟ್ಟಿಲಿಗೂ ಇವರು ಎಲ್ಲಿ ನಿಂತು ಉಸಿರು ತೆಗೆದುಕೊಂಡಿರಬಹುದು ಎಂದು ನೋಡುತ್ತಾ ಹತ್ತಿದೆ. ಗೋಡೆಯಲ್ಲಿ ಒಂದು ಕಡೆ ಕೈಯಿಟ್ಟು ಇಟ್ಟು ಬಣ್ಣ ಮಾಸಿತ್ತು. ಯಾರದೋ ಕೈ. ನಾನೂ ಅಲ್ಲಿ ಕೈಯಿಟ್ಟು ನಿಂತೆ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಂತೆ. ಅದು ನೀವು ಕಲಿಸಿದ್ದು, ಅದನ್ನು ಇಟ್ಟುಕೊಂಡಿದ್ದೇನೆ.

ಮನೆಯಾತ ಬಡಗಿ. ಒಳಗೆಲ್ಲ ಮರದ ಹೊಟ್ಟಿನ ವಾಸನೆ. ಇವರ ಚೀಲ ಗುರುತು ಹಿಡಿದು ಆತನ ಮುಖ ಬಿಳಿಚಿತು. ಯಾಕೆ ಬಂದೆ ಎಂದು ಆತನಿಗೆ ತಿಳಿದುಹೋಯಿತು. ಮಾತು ಶುರುಮಾಡುವ ಮೊದಲೇ ಹೆಂಡತಿಗೆ, "ಹೋಗೇ, ಅವರಿಗೆ ಒಂದು ಲೋಟ ನೀರು ತಗೊಂಡ್ ಬಾ" ಅಂದ. ಆಕೆ ಎದ್ದಳು. ಚುರುಕಿನ ಹುಡುಗಿ.

ಆಕೆ ಒಳಗೆ ಹೋಗುವ ಮೊದಲೇ ನಾನು ಚೀಲಕ್ಕೆ ಕೈಹಾಕಿ, ಮನೆಯಿಂದ ತಂದಿದ್ದ ನೀರಿನ ಬಾಟಲಿ ತೆಗೆದು ಮೂವರ ನಡುವೆ ಮೇಜಿನ ಮೇಲಿಟ್ಟೆ.

"ನೀರು ನನ್ನ ಹತ್ರ ಇದೆ. ನೀವು ಕೂತ್ಕೊಳ್ಳಮ್ಮ" ಅಂದೆ.